ನೇರ ಎಷ್ಟು, ಮುದ್ರಿತ ಎಷ್ಟು: ದಾವಣಗೆರೆ–ಚಿತ್ರದುರ್ಗದ ರೇಡಿಯೊಗೆ ಬೆಳಗಿನ ಕಾರ್ಯಕ್ರಮ ಕಟ್ಟುವ ಬಗೆ

ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತ ಒಬ್ಬ ಆರ್‌ಜೆ ಒಂದೇ ಮಧ್ಯಾಹ್ನ ಮೂರ್ನಾಲ್ಕು ಊರುಗಳ ಮಾರನೆಯ ಬೆಳಗಿನ ಮಾತು ಮುಗಿಸಿ ಮನೆಗೆ ಹೋಗಬಹುದು. ಹಾಡಿನ ಪಟ್ಟಿ ಕಂಪ್ಯೂಟರಿನಲ್ಲಿ ಸಿದ್ಧವಿರುತ್ತದೆ, ಹಾಡುಗಳ ನಡುವಿನ ಮಾತನ್ನಷ್ಟೇ ಮುದ್ರಿಸಿ (ರೆಕಾರ್ಡ್ ಮಾಡಿ) ಸೇರಿಸಿದರಾಯಿತು. ಇದೇ ವಾಯ್ಸ್ ಟ್ರ್ಯಾಕಿಂಗ್. ಒಂದು ಕಂಪನಿ ದೇಶದಲ್ಲಿ ಇಂತಿಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕೆಂಬ ಮಿತಿಯನ್ನು ಅಮೆರಿಕ 1996ರ ಕಾಯ್ದೆಯಲ್ಲಿ ತೆಗೆದುಹಾಕಿದ ಮೇಲೆ ಅಲ್ಲಿ ಇದು ಹಬ್ಬಿತು. ಆಯಾ ಊರಿಗೆ ಮುಖ್ಯ ಸ್ಟುಡಿಯೊ ಇರಲೇಬೇಕೆಂಬ ನಿಯಮವನ್ನೂ 2017ರಲ್ಲಿ ಕೈಬಿಟ್ಟರು. ನಮ್ಮಲ್ಲಿ 2011ರ ಮೂರನೇ ಹಂತದ ಎಫ್‌ಎಂ ನೀತಿ, ಖಾಸಗಿ ಕಂಪನಿಗಳು ತಮ್ಮದೇ ಜಾಲದೊಳಗೆ ಕಾರ್ಯಕ್ರಮ ಹಂಚಿಕೊಳ್ಳಲು ಅವಕಾಶ ಕೊಟ್ಟಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಾಗ ಪಟ್ಟಿಯಲ್ಲಿ ದಾವಣಗೆರೆಯೂ ಇತ್ತು, ಚಿತ್ರದುರ್ಗವೂ ಇತ್ತು. ಅಂದರೆ ಹೊರಗಿನಿಂದ ಮುದ್ರಿಸಿ ಕಳಿಸಿದ ದನಿ ಇಲ್ಲಿಗೂ ಬರಬಹುದು.

ಮುದ್ರಿತ ಮಾತನ್ನು ಪೂರ್ತಿ ಬೇಡ ಅನ್ನುವಷ್ಟು ಅನುಕೂಲ ಸಣ್ಣ ಸ್ಟೇಷನ್‌ಗೆ ಇಲ್ಲ. ಇಬ್ಬರು ಮೂವರು ಸೇರಿ ದಿನಕ್ಕೆ 16 ಗಂಟೆ ನೇರ ಪ್ರಸಾರ ಮಾಡಲು ಆಗದು. ಆದರೆ ಮುದ್ರಿತವನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಿ ಮೈಕ್ ತೆರೆಯಬಲ್ಲ ಒಬ್ಬರು ಊರಿನಲ್ಲಿ ಇರಲೇಬೇಕು. ಸಮುದಾಯ ರೇಡಿಯೊ ನಡೆಸುವವರಿಗೂ, ಮುಂದೆ ಖಾಸಗಿ ಎಫ್‌ಎಂನಲ್ಲಿ ಕೆಲಸ ಹಿಡಿಯುವವರಿಗೂ ಕೆಳಗಿನ ಕ್ರಮ ನಡೆಯುತ್ತದೆ.

ಗಂಟೆ ಹಂಚುವುದು

ನೇರ ಯಾವುದು ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ ಸಾಕು: ಈ ಮಾತು ನಾಳೆ ಹೊತ್ತಿಗೆ ಹಳಸುತ್ತದೆಯೇ? ನೀರು, ಕರೆಂಟು, ಬಸ್ಸು, ಮಳೆ, ಮಂಡಿ ದರ ಇವೆಲ್ಲ ಹಳಸುತ್ತವೆ. ಇವು ಬೇಕಾಗುವುದು ಬೆಳಗ್ಗೆ 7ರಿಂದ 9ರವರೆಗೆ, ಆ ಎರಡು ಗಂಟೆ ನೇರ. ಆಳು ಇದ್ದರೆ ಸಂಜೆ 6ರಿಂದ 7 ಕೂಡ. ಹಳೆಯ ಹಾಡು, ಆರೋಗ್ಯದ ಮಾತು, ಮಕ್ಕಳ ಕಥೆ, ವಚನ ವ್ಯಾಖ್ಯಾನ ಮುದ್ರಿತವಾಗಿದ್ದರೆ ಯಾರಿಗೂ ನಷ್ಟವಿಲ್ಲ. ಎರಡು ಮೂರು ಸಲ ಮಾತಾಡಿ ಚೆಂದ ಮಾಡಬಹುದಾದ್ದರಿಂದ ಲಾಭವೇ.

ನೇರ ಗಂಟೆಯ ಲೆಕ್ಕ ಹೀಗೆ ಹಾಕಿ: ನಾಲ್ಕೂವರೆ ನಿಮಿಷದ 9 ಹಾಡು, ಅಂದರೆ ಸುಮಾರು 40 ನಿಮಿಷ. ಜಾಹೀರಾತು 10 ನಿಮಿಷ (ಸಮುದಾಯ ರೇಡಿಯೊಗೆ ಗಂಟೆಗೆ 12 ನಿಮಿಷದ ಮಿತಿ ಇದೆ). ಸಿಗ್ನೇಚರ್ ಟ್ಯೂನ್, ಸಮಯ ಹೇಳುವುದಕ್ಕೆ 3. ಉಳಿದ 7 ನಿಮಿಷ ಊರಿನ ಮಾತು, ಆರೇಳು ತುಂಡಾಗಿ. ಒಂದು ತುಂಡು ಒಂದು ನಿಮಿಷ ದಾಟಬಾರದು. ಕನ್ನಡದಲ್ಲಿ ಆರಾಮಾಗಿ ಓದಿದರೆ ಅರ್ಧ ನಿಮಿಷಕ್ಕೆ 50 ಪದ ಹಿಡಿಸುತ್ತವೆ. ಅದಕ್ಕಿಂತ ಹೆಚ್ಚು ಬರೆದುಕೊಂಡರೆ ಓಡಿಸಿ ಓದಬೇಕಾಗುತ್ತದೆ, ಬಡಾವಣೆಗಳ ಹೆಸರು ಕೇಳುಗರ ಕಿವಿಗೆ ಬೀಳುವುದೇ ಇಲ್ಲ.

ಊರಿನ ಮಾತು ಎಲ್ಲಿಂದ ತರುವುದು

ಹೊರಗಿನ ಆರ್‌ಜೆಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಚಿತ್ರದುರ್ಗ ಅಂದರೆ ಕೋಟೆ. ವಾರಕ್ಕೆ ಒಂದು ಸಲ ಹೇಳಿದರೆ ಸರಿ, ದಿನಾ ಹೇಳಿದರೆ ಊರವರಿಗೆ ಮುಜುಗರ. ಕೇಳುಗರು ಕಿವಿಗೊಡುವುದು ಬೇರೆ ವಿಷಯಕ್ಕೆ.

ಹಿಂದಿನ ಸಂಜೆ 6ರ ಹೊತ್ತಿಗೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡಿ. ಮೊದಲನೆಯದು, ಬೆಸ್ಕಾಂ ಪ್ರಕಟಿಸಿದ ನಾಳೆಯ ವಿದ್ಯುತ್ ವ್ಯತ್ಯಯ. ಎರಡನೆಯದು, ಯಾವ ವಾರ್ಡಿಗೆ ನೀರಿನ ಸರದಿ, ಯಾವುದಕ್ಕೆ ತಪ್ಪಿದೆ. ಮೂರನೆಯದು, ಮಂಡಿ: ದಾವಣಗೆರೆಯಲ್ಲಿ ಮೆಕ್ಕೆಜೋಳ, ಚನ್ನಗಿರಿ–ಭೀಮಸಮುದ್ರದ ಕಡೆಗೆ ಅಡಿಕೆ, ಚಳ್ಳಕೆರೆ ಕಡೆಗೆ ಶೇಂಗಾ, ಈರುಳ್ಳಿ. ನಾಲ್ಕನೆಯದು, ಭದ್ರಾ ನಾಲೆ. ಪ್ರತಿ ಸಾಲಿನ ಪಕ್ಕ ಯಾರು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಎಂದು ಬರೆಯಿರಿ. ಬೆಳಗ್ಗೆ ಆರಕ್ಕೆ ಅದೇ ಜನರಿಗೆ ಮತ್ತೊಮ್ಮೆ ಫೋನ್ ಮಾಡಿ, ಬದಲಾಗಿದ್ದರೆ ಹೊಡೆದುಹಾಕಿ. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆಗಿ ಬಂದ ನೋಟಿಸಿಗೆ ತಾರೀಕು ಇಲ್ಲದಿದ್ದರೆ ಅದನ್ನು ಓದಲೇಬೇಡಿ. ಹೋದ ವರ್ಷದ್ದು ಈ ವರ್ಷ ಸುತ್ತುವುದು ಮಾಮೂಲು.

ಮಂಡಿ ದರದಲ್ಲಿ ಹೊಸಬರು ಗರಿಷ್ಠ ಬೆಲೆ ಒಂದನ್ನೇ ಹೇಳಿಬಿಡುತ್ತಾರೆ. ಅದು ಒಂದೆರಡು ಲಾಟಿಗೆ ಬಿದ್ದ ಬೆಲೆ ಇರಬಹುದು. ರೈತ ಅದನ್ನು ನಂಬಿ ಟ್ರ್ಯಾಕ್ಟರಿಗೆ ಹೇರಿಕೊಂಡು ಬರುತ್ತಾನೆ. ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲಿಗೆ ಬಿದ್ದ) ದರ ಮೂರನ್ನೂ ಕ್ವಿಂಟಲಿಗೆ ಇಷ್ಟು ಎಂದು ಹೇಳಿ, ಯಾವ ದಿನದ್ದೆಂದೂ ಸೇರಿಸಿ. ಅಡಿಕೆಯಾದರೆ ರಾಶಿಯೋ ಬೆಟ್ಟೆಯೋ ಹೇಳದೆ ದರ ಹೇಳುವುದರಲ್ಲಿ ಅರ್ಥವಿಲ್ಲ. ನಾಲೆಯದೂ ಹಾಗೇ. ಅಣೆಕಟ್ಟಿನಲ್ಲಿ ನೀರು ಬಿಟ್ಟ ದಿನ ಬೇರೆ, ಕೊನೆ ಭಾಗದ ಗದ್ದೆಗೆ ಅದು ಮುಟ್ಟುವ ದಿನ ಬೇರೆ. ಮೊದಲನೆಯದನ್ನಷ್ಟೇ ಹೇಳಿದರೆ ಕೊನೆ ಭಾಗದವರು ಸ್ಟೇಷನ್‌ಗೇ ಫೋನ್ ಮಾಡಿ ಬೈಯುತ್ತಾರೆ, ಅದು ನ್ಯಾಯವೂ ಹೌದು.

ಕಾನೂನಿನ ಗೆರೆ ನೆನಪಿರಲಿ. ಖಾಸಗಿ ಎಫ್‌ಎಂ, ಸಮುದಾಯ ರೇಡಿಯೊ ಎರಡೂ ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಿಸದೆ ಮರುಪ್ರಸಾರ ಮಾಡಬಹುದು. ಹವಾಮಾನ, ಸಂಚಾರ, ಹಬ್ಬ–ಜಾತ್ರೆ, ಪರೀಕ್ಷೆ–ಫಲಿತಾಂಶ, ಉದ್ಯೋಗ ಮಾಹಿತಿ, ಸ್ಥಳೀಯ ಆಡಳಿತ ಕೊಟ್ಟ ನೀರು–ವಿದ್ಯುತ್–ವಿಪತ್ತು–ಆರೋಗ್ಯ ಸೂಚನೆ ಇವುಗಳನ್ನು ಸುದ್ದಿಯೆಂದು ಲೆಕ್ಕಿಸುವುದಿಲ್ಲ. ಮೇಲಿನ ಹಾಳೆ ಹೆಚ್ಚುಕಡಿಮೆ ಈ ಪಟ್ಟಿಯೊಳಗೇ ಕೂರುತ್ತದೆ. ಪಾಲಿಕೆಯ ಜಗಳ, ಯಾರದೋ ರಾಜೀನಾಮೆ ಅದರಲ್ಲಿ ಇಲ್ಲ.

ಒಂದು ತುಂಡು ಮಾತು ಹೇಗಿರಬೇಕು ಎಂಬುದಕ್ಕೆ ಮಾದರಿ:

“ಏಳು ಇಪ್ಪತ್ತಾಯ್ತು. ನಿಟ್ಟುವಳ್ಳಿ ಕಡೆಯವರು ಒಂಚೂರು ಕೇಳಿ. ಇವತ್ತು ಹತ್ತರಿಂದ ಐದರ ತನಕ ಕರೆಂಟ್ ಇರಲ್ಲ ಅಂತ ಬೆಸ್ಕಾಂನವರು ನಿನ್ನೆ ಸಂಜೆ ತಿಳಿಸಿದಾರೆ. ಟ್ಯಾಂಕಿಗೆ ನೀರು ಏರಿಸೋದು, ಹಿಟ್ಟು ರುಬ್ಬೋದು ಇದ್ರೆ ಹತ್ತರ ಒಳಗೇ ಮುಗಿಸ್ಕೊಳ್ಳಿ. ನಿಟ್ಟುವಳ್ಳಿಗೆ ಮಾತ್ರ, ಹತ್ತರಿಂದ ಐದು.”

ಜಾಗದ ಹೆಸರು ಮೊದಲು ಬಂದರೆ ಸಂಬಂಧಪಟ್ಟವರು ಕಿವಿ ನಿಮಿರಿಸುತ್ತಾರೆ. ಹೇಳಿದವರು ಯಾರು ಎಂಬುದು ನಡುವೆ, ಏನು ಮಾಡಬೇಕು ಎಂಬುದು ಅದರ ಹಿಂದೆ. ಕೊನೆಗೆ ಜಾಗ, ಹೊತ್ತು ಇನ್ನೊಂದು ಸಲ, ಏಕೆಂದರೆ ಅರ್ಧ ಜನ ಮಾತು ಶುರುವಾದ ಮೇಲೆ ವಾಲ್ಯೂಮ್ ಏರಿಸಿರುತ್ತಾರೆ.

ಫೋನ್ ಕರೆಯನ್ನು ನೇರವಾಗಿ ಗಾಳಿಗೆ ಬಿಡಬೇಡಿ. ಮಾತನ್ನು ಕೆಲವು ಸೆಕೆಂಡ್ ತಡೆದು ಬಿಡುವ ವಿಳಂಬ ಯಂತ್ರ ಇಲ್ಲದ ಸ್ಟೇಷನ್‌ನಲ್ಲಿ ಹಾಡು ಓಡುತ್ತಿರುವಾಗ ಕರೆ ಮುದ್ರಿಸಿ, ಒಂದೂವರೆ ನಿಮಿಷದ ಮಾತನ್ನು 40 ಸೆಕೆಂಡಿಗೆ ಕತ್ತರಿಸಿ, ಹಾಡು ಮುಗಿದ ಕೂಡಲೇ ಬಿಡಬೇಕು. ಕೇಳುಗರಿಗೆ ಅದು ನೇರದಷ್ಟೇ ತಾಜಾ. ವಯಸ್ಸಾದವರಿಗೆ ಯಜಮಾನ್ರೇ, ಅಜ್ಜಿ, ಉಳಿದವರಿಗೆ ಅಣ್ಣ, ಅಕ್ಕ. ಬೆಂಗಳೂರಿನ ‘ಗುರೂ’, ‘ಮಗಾ’ ಇಲ್ಲಿ ಕಾಲೇಜು ಹುಡುಗರ ಆಚೆಗೆ ಸಲ್ಲುವುದಿಲ್ಲ.

ಮುದ್ರಿತ ಮಾತು ಕೂರಿಸುವುದು

ರೇಡಿಯೊಡಿಜೆ, ರಿವೆಂಡೆಲ್ ಎರಡೂ ಹಾಡು, ಮಾತುಗಳನ್ನು ಪಟ್ಟಿಯಂತೆ ತಾವಾಗಿ ಓಡಿಸುವ ಉಚಿತ ತಂತ್ರಾಂಶ, ಸಣ್ಣ ಸ್ಟೇಷನ್‌ಗೆ ಸಾಕು. ಮೊದಲು ಪ್ರತಿ ಹಾಡಿಗೂ ಮೂರು ಗುರುತು ಹಾಕಿ: ಎಲ್ಲಿಂದ ಶುರು, ಗಾಯನ ಎಲ್ಲಿಂದ, ಮುಂದಿನದು ಎಲ್ಲಿ ಸೇರಬೇಕು. ಗಾಯನ 18ನೇ ಸೆಕೆಂಡಿಗೆ ಶುರುವಾದರೆ ಮಾತು 17ಕ್ಕೆ ಮುಗಿಯಬೇಕು. ಈ ಗುರುತು ಹಾಕದೆ ಮುದ್ರಿಸಿದರೆ ಆರ್‌ಜೆ ದನಿ ಹಾಡುಗಾರರ ಮೇಲೆ ಹತ್ತುತ್ತದೆ. ಸಾವಿರ ಹಾಡಿಗೆ ಗುರುತು ಹಾಕುವುದು ಬೇಸರದ ಕೆಲಸವೇ, ಆದರೆ ಒಂದೇ ಸಲದ್ದು.

ಮುದ್ರಣಕ್ಕೆ ಡೈನಮಿಕ್ ಮೈಕ್ ಸಾಕು. ಬಾಯಿಂದ ನಾಲ್ಕೈದು ಇಂಚು ದೂರ, ತುಸು ಓರೆ, ಇಲ್ಲದಿದ್ದರೆ ‘ಪ’, ‘ಭ’ ಬಂದಾಗಲೆಲ್ಲ ಬುಸ್ಸೆನ್ನುತ್ತದೆ. ಫ್ಯಾನ್ ಆರಿಸಿ, 80 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸಿ. ದನಿಯ ಏರು ಮೈನಸ್ 6 ಡೆಸಿಬಲ್ ದಾಟದಿರಲಿ. ಎಂಪಿ3 ಬೇಡ, 48 ಕಿಲೊಹರ್ಟ್ಸ್ ಮೊನೊ ವೇವ್ ಫೈಲ್ ಇರಲಿ. ಕಡೆಗೆ ಹಾಡು, ಮಾತು, ಜಾಹೀರಾತು ಎಲ್ಲವನ್ನೂ ಒಂದೇ ಸದ್ದಿನ ಮಟ್ಟಕ್ಕೆ ತನ್ನಿ, ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಅಳತೆ) ಇಟ್ಟುಕೊಳ್ಳಬಹುದು. ಬೇರೆ ಊರಿಂದ ಬಂದ ದನಿ ಬೇರೆ ಕೋಣೆಯದೆಂದು ಮೊದಲು ಗೊತ್ತಾಗುವುದೇ ಈ ಸದ್ದಿನ ಏರುಪೇರಿನಿಂದ. ಫೈಲಿನ ಹೆಸರಿಗೆ ರೋಮನ್ ಅಕ್ಷರ, ಅಂಕಿ ಮಾತ್ರ ಬಳಸಿ. ಹಳೆಯ ತಂತ್ರಾಂಶಗಳಿಗೆ ಕನ್ನಡ ಅಕ್ಷರ ಕಂಡರೆ ಆಗುವುದಿಲ್ಲ, ಫೈಲ್ ತೆರೆಯದೆ ಹಾರಿಸಿಬಿಡುತ್ತವೆ.

ಕೆಡುವುದು ಎಲ್ಲಿ

ಹೆಚ್ಚು ಕೆಡುವುದು ಪಟ್ಟಿಯಲ್ಲಿ. ಮಾತು ಮುದ್ರಿಸಿದ ಮೇಲೆ ಯಾರೋ ಹಾಡಿನ ಪಟ್ಟಿ ಬದಲಿಸುತ್ತಾರೆ, ಆರ್‌ಜೆ ಒಂದು ಹಾಡಿನ ಹೆಸರು ಹೇಳಿದರೆ ಇನ್ನೊಂದು ಬರುತ್ತದೆ. ಮುದ್ರಣಕ್ಕೆ ಮೊದಲು ಪಟ್ಟಿಗೆ ಬೀಗ ಹಾಕಿ. ಅದು ಆಗದಿದ್ದರೆ ಮುಂದಿನ ಹಾಡಿನ ಹೆಸರನ್ನೇ ಹೇಳಿಸಬೇಡಿ.

ಎರಡನೆಯದು ಹೊತ್ತು. ಮುದ್ರಿತ ಮಾತಿನಲ್ಲಿ ‘ಈಗ’, ‘ಇವತ್ತು’, ಗಂಟೆ, ಮಳೆ, ಬಿಸಿಲು, ಕ್ರಿಕೆಟ್ ಸ್ಕೋರು ಯಾವುದೂ ಬರಬಾರದು. ಹೊರಗೆ ಜಡಿಮಳೆ, ರೇಡಿಯೊದಲ್ಲಿ ‘ಏನ್ ಬಿಸಿಲಪ್ಪಾ’ ಅಂದರೆ ಅಲ್ಲಿಗೆ ನಂಬಿಕೆ ಹೋಯಿತು. ಪ್ರತಿ ಫೈಲಿಗೂ ಮುಕ್ತಾಯದ ತಾರೀಕು ಹಾಕಿ, ಆ ದಿನ ದಾಟಿದ ಮೇಲೆ ಅದು ತಾನಾಗಿ ಪಟ್ಟಿಯಿಂದ ಬೀಳುವಂತಿರಲಿ. ಹಾಕದಿದ್ದರೆ ಯುಗಾದಿ ಶುಭಾಶಯ ಕಾರಹುಣ್ಣಿಮೆಗೂ ಕೇಳಿಸೀತು.

ಮೂರನೆಯದು ಊರಿನ ತಿಳಿವಳಿಕೆ. ಹೊರಗಿನ ದನಿಗೆ ದುಡ್ಡು ಕೊಟ್ಟು ಮಾತಾಡಿಸುವುದಾದರೆ ಒಂದು ಪುಟದ ಟಿಪ್ಪಣಿ ಕಳಿಸಿ. ಹರಪನಹಳ್ಳಿ ಈಗ ದಾವಣಗೆರೆ ಜಿಲ್ಲೆಯಲ್ಲಿ ಇಲ್ಲ: 1997ರಲ್ಲಿ ಬಂದು, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಹಳೆಯ ಪಟ್ಟಿ ಇಟ್ಟುಕೊಂಡವರು ಇನ್ನೂ ಸೇರಿಸುತ್ತಾರೆ, ನ್ಯಾಮತಿ ತಾಲ್ಲೂಕನ್ನು ಬಿಡುತ್ತಾರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದನ್ನು ‘ಪ್ರತಿ ವರ್ಷದಂತೆ’ ಅಂದರೆ ಊರೇ ನಗುತ್ತದೆ. ವಾಣಿವಿಲಾಸ ಸಾಗರವನ್ನು ಹಿರಿಯೂರು ಕಡೆ ಮಾರಿಕಣಿವೆ ಅನ್ನುತ್ತಾರೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ, ‘ಪ್ರತಿ ಮಳೆಗಾಲದಲ್ಲಿ ತುಂಬಿ ಹರಿಯುವ’ ಎಂದು ಬರೆದುಕೊಂಡವರಿಗೆ ಇದನ್ನೂ ತಿಳಿಸಿ. ಊರುಗಳ ಹೆಸರನ್ನು ಬರೆದು ಕಳಿಸಿದರೆ ಸಾಲದು, ಇಲ್ಲಿಯವರೇ ಒಬ್ಬರು ಓದಿದ ವಾಯ್ಸ್ ನೋಟ್ ಕಳಿಸಿ. ಮೊಳಕಾಲ್ಮುರು ಎಂಬುದನ್ನು ಬರಹ ನೋಡಿ ಸರಿಯಾಗಿ ಹೇಳುವ ಹೊರಗಿನವರು ಕಡಿಮೆ.

ಕೃತಕ ದನಿಯೂ ಬಂದಿದೆ. 2023ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಒಂದು ಸ್ಟೇಷನ್ ತನ್ನ ನಿರೂಪಕಿಯ ದನಿಯ ಯಂತ್ರ ನಕಲನ್ನು ಪ್ರಸಾರಕ್ಕೆ ಬಿಟ್ಟಿತು. ಬಳಸುವುದಾದರೆ ಮೇಲಿನ ಮೂರೂ ಎಚ್ಚರಿಕೆ ಅದಕ್ಕೂ ಅನ್ವಯಿಸುತ್ತವೆ. ಜೊತೆಗೆ, ಅದು ಯಂತ್ರದ ದನಿ ಎಂದು ಕೇಳುಗರಿಗೆ ಹೇಳಿಬಿಡಿ.

ತುರ್ತು ಹೊತ್ತಿಗೆ

2002ರ ಜನವರಿ 18ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ನಾರ್ತ್ ಡಕೋಟಾದ ಮೈನಾಟ್ ಊರಿನ ಬಳಿ ರೈಲು ಹಳಿ ತಪ್ಪಿ ಅಮೋನಿಯಾ ಸೋರಿತು. ಊರಿನ ಆರು ವಾಣಿಜ್ಯ ಸ್ಟೇಷನ್‌ಗಳೂ ಒಂದೇ ಕಂಪನಿಯವು. ತುರ್ತು ಎಚ್ಚರಿಕೆಯ ವ್ಯವಸ್ಥೆ ಕೆಲಸ ಮಾಡಲಿಲ್ಲ, ಪೊಲೀಸರಿಗೆ ಸ್ಟೇಷನ್‌ನಲ್ಲಿ ಫೋನ್ ಎತ್ತುವವರು ಬೇಗ ಸಿಗಲಿಲ್ಲ. ನಮ್ಮ ಎರಡೂ ಊರಿನ ಪಕ್ಕದಲ್ಲೇ ಟ್ಯಾಂಕರ್‌ಗಳು ಓಡುವ ರಾಷ್ಟ್ರೀಯ ಹೆದ್ದಾರಿ 48 ಇದೆ.

ಆದ್ದರಿಂದ ಸ್ಟುಡಿಯೊದಿಂದ ಹತ್ತು ನಿಮಿಷದ ದೂರದಲ್ಲಿ ಮನೆ ಇರುವ ಇಬ್ಬರನ್ನು ಸರದಿಯ ಮೇಲೆ ನೇಮಿಸಿ. ಅವರ ನಂಬರು ಜಿಲ್ಲಾಡಳಿತದ ಕಂಟ್ರೋಲ್ ರೂಮಿನಲ್ಲಿ, ಅಗ್ನಿಶಾಮಕ ಠಾಣೆಯಲ್ಲಿ ಇರಲಿ. ಕನ್ಸೋಲ್ ಮೇಲೆ ಒಂದು ದಪ್ಪ ಕೆಂಪು ಅಂಟುಕಾಗದ: ಯಾವ ಗುಂಡಿ ಒತ್ತಿದರೆ ಆಟೊಮೇಷನ್ ನಿಲ್ಲುತ್ತದೆ, ಯಾವ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಏರಿಸಿದರೆ ಮೈಕ್ ತೆರೆಯುತ್ತದೆ. ತಿಂಗಳಿಗೊಮ್ಮೆ ಹೇಳದೆ ಕೇಳದೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಮೈಕ್ ತೆರೆಯಲು ಎಷ್ಟು ನಿಮಿಷ ಹಿಡಿಯಿತು ನೋಡಿ. ಹದಿನೈದು ದಾಟಿದರೆ ಸರದಿ ಬದಲಿಸಿ.

15 ಸೆಕೆಂಡ್ ಸದ್ದಿಲ್ಲದಿದ್ದರೆ ಮೀಸಲು ಪಟ್ಟಿ ಓಡಿಸಿ ಮೆಸೇಜು ಕಳಿಸುವ ಸೈಲೆನ್ಸ್ ಡಿಟೆಕ್ಟರ್ ಹಾಕಿಸಿ. ಕಂಪ್ಯೂಟರ್, ಮಿಕ್ಸರ್ ಸೇರಿ 250 ವ್ಯಾಟ್ ಎಳೆದರೆ, 150 ಆಂಪಿಯರ್‌ಗಂಟೆಯ ಒಂದು ಹೊಸ ಬ್ಯಾಟರಿ ಸುಮಾರು ನಾಲ್ಕು ಗಂಟೆ ತಡೆಯುತ್ತದೆ. ಟ್ರಾನ್ಸ್‌ಮಿಟರ್‌ಗೆ ಬೇರೆಯದೇ ಇಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಮಾತಾಡುವವರು ಮಾತಾಡುತ್ತಲೇ ಇರುತ್ತಾರೆ, ಕೇಳುವವರಿಗೆ ಬರೀ ಸುಯ್ ಅನ್ನುತ್ತಿರುತ್ತದೆ.

ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾಪಿಡಬೇಕೆಂಬುದು ಸಮುದಾಯ ರೇಡಿಯೊ ನಿಯಮ. 64 ಕೆಬಿಪಿಎಸ್ ಮೊನೊದಲ್ಲಿ ಗಂಟೆಗೆ 29 ಎಂಬಿ, ದಿನಕ್ಕೆ 18 ಗಂಟೆಯಂತೆ 90 ದಿನಕ್ಕೆ ಸುಮಾರು 47 ಜಿಬಿ. 64 ಜಿಬಿ ಪೆನ್‌ಡ್ರೈವ್ ಒಂದರಲ್ಲಿ ಹಿಡಿಸುತ್ತದೆ, ಆದರೆ ಎರಡು ಪ್ರತಿ ಇಡಿ. ಮುದ್ರಣಕ್ಕೆ ರೇಡಿಯೊ ಸೆಟ್ಟಿನಿಂದ ತಂತಿ ಎಳೆಯಿರಿ. ಮಿಕ್ಸರಿನಿಂದ ಎಳೆದರೆ ಟ್ರಾನ್ಸ್‌ಮಿಟರ್ ಸತ್ತಿದ್ದ ಹೊತ್ತು ಲೆಕ್ಕಕ್ಕೇ ಸಿಗುವುದಿಲ್ಲ.