ಕಂಡಿದ್ದೆಷ್ಟು, ಕೇಳಿದ್ದೆಷ್ಟು

ಒಂಬತ್ತನೇ ಕ್ಲಾಸಿನ ರಾಜ್ಯಶಾಸ್ತ್ರದಲ್ಲಿ ನ್ಯಾಯಾಂಗ ವ್ಯವಸ್ಥೆ ಅಂತ ಒಂದು ಪಾಠ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟು, ಜಿಲ್ಲಾ ಕೋರ್ಟು, ಅದರ ಕೆಳಗಿನ ಕೋರ್ಟುಗಳು. ಬೋರ್ಡಿನ ಮೇಲೆ ಬಾಣ ಹಾಕಿ ಬರೆದರೆ ಎರಡು ಪಿರಿಯಡ್‌ಗೆ ಮುಗಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನೂ ತುಂಬಾ ವರ್ಷ ಹಾಗೇ ಮುಗಿಸಿದೆ. ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗೇ ಬರೆಯುತ್ತಿದ್ದರು. ಆದರೆ "ಅಪ್ಪ ಇವತ್ತು ವಾಯಿದೆಗೆ ಹೋಗಿದ್ದಾರೆ ಮಿಸ್" ಅನ್ನುವ ಮಗು ಪ್ರತಿ ವರ್ಷವೂ ಕ್ಲಾಸಿನಲ್ಲಿ ಇರುತ್ತದೆ. ಆ ವಾಯಿದೆಗೂ ನನ್ನ ಬಾಣಗಳಿಗೂ ಸಂಬಂಧವೇ ಇರಲಿಲ್ಲ.

ಒಂದು ದಿನ ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಕಂಬಾಲಪಲ್ಲಿಯಲ್ಲಿ ಏಳು ಜನ ಸತ್ತರಂತೆ. ಎಲ್ಲರನ್ನೂ ಬಿಟ್ಟುಬಿಟ್ಟರಂತೆ. ಹಂಗಾದ್ರೆ ಯಾರೂ ಕೊಂದಿಲ್ವಾ ಮಿಸ್?"

ಕಂಬಾಲಪಲ್ಲಿ ನಮ್ಮ ತಾಲ್ಲೂಕಿನದೇ ಊರು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿತ್ತು. ಕೇಸು ಕೋಲಾರದಲ್ಲೇ ನಡೆಯಿತು. ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ಮೊದಲು ಕೊಟ್ಟ ಹೇಳಿಕೆಗೆ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಷ್ಟು ನನಗೆ ಗೊತ್ತಿತ್ತು. ಆದರೆ ಸಾಕ್ಷಿ ಅಂದರೇನು, ಅದು ಬಿದ್ದುಹೋದರೆ ಕೇಸು ಯಾಕೆ ಬಿದ್ದುಹೋಗುತ್ತದೆ ಅಂತ ನಾನು ಆ ಮಕ್ಕಳಿಗೆ ಒಂದು ಮಾತೂ ಹೇಳಿರಲಿಲ್ಲ. "ಇದಕ್ಕೆ ಸ್ವಲ್ಪ ಟೈಮ್ ಕೊಡಪ್ಪ, ಸುಮ್ನೆ ಏನೋ ಒಂದು ಹೇಳಿ ಮುಗಿಸಲ್ಲ" ಅಂದೆ. ಮುಂದೆ ಮಾಡಿದ್ದೆಲ್ಲ ಅವನ ಪ್ರಶ್ನೆಯಿಂದಲೇ ಶುರುವಾಗಿದ್ದು.

ಮೊದಲು ಮಕ್ಕಳಿಗೆ ಕೋರ್ಟು ತೋರಿಸಬೇಕು ಅನ್ನಿಸಿತು. ಕೋರ್ಟಿನ ವಿಚಾರಣೆ ಬಾಗಿಲು ತೆರೆದೇ ನಡೆಯುತ್ತದೆ, ಯಾರು ಬೇಕಾದರೂ ಕೂತು ನೋಡಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ತರಹದ ಕೇಸುಗಳಿಗೆ ಮಾತ್ರ ಬಾಗಿಲು ಮುಚ್ಚಿರುತ್ತದೆ. ಆದರೂ ನಲವತ್ತು ಮಕ್ಕಳನ್ನು ಹೇಳದೆ ಕರೆದುಕೊಂಡು ಹೋಗುವುದು ಸರಿಯಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆದೆ. ಆ ಸಮಿತಿಗೆ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಬೇರೆ ಶಿಕ್ಷಕರು ಈ ದಾರಿ ಹಿಡಿಯಬಹುದು, ಕಷ್ಟವೇನಿಲ್ಲ. ಎರಡು ತಂಡ ಮಾಡಿಕೊಂಡು ಎರಡು ದಿನ ಹೋದೆವು.

ಮಕ್ಕಳು ಸಿನಿಮಾ ಕೋರ್ಟನ್ನು ಹುಡುಕುತ್ತಿದ್ದರು. ಸುತ್ತಿಗೆ ಇಲ್ಲ. "ಆರ್ಡರ್ ಆರ್ಡರ್" ಇಲ್ಲ. ಭಗವದ್ಗೀತೆ ಮುಟ್ಟಿಸುವುದೂ ಇಲ್ಲ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡ ಅಂದರೆ ದೇವರ ಹೆಸರಿಲ್ಲದೆಯೂ ಮಾಡಬಹುದು. ಕಡತದ ಮೇಲೆ ಕಡತ, ಹೆಸರು ಕೂಗುವುದು, ಮತ್ತೊಂದು ವಾಯಿದೆ. ಅರ್ಧ ಗಂಟೆಗೆ ಕೆಲವರು ಆಕಳಿಸತೊಡಗಿದರು.

ಆಗ ಒಬ್ಬ ಅಜ್ಜಿ ಕಟಕಟೆಗೆ ಬಂದರು. ಅವರಿಗೆ ತೆಲುಗು ಬಿಟ್ಟು ಬೇರೆ ಬರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಅಜ್ಜಿ ಕಟಕಟೆಯ ಪಟ್ಟಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ. ನ್ಯಾಯಾಧೀಶರು ತೆಲುಗಿನಲ್ಲೇ ಮೆಲ್ಲಗೆ ಕೇಳಿದರು: "ನೀವು ನೋಡಿದ್ದಾ, ಯಾರಾದರೂ ಹೇಳಿದ್ದಾ?" ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದು, ಸೊಸೆ ಹೇಳಿದ್ದು ಅಂದರು. ನ್ಯಾಯಾಧೀಶರು ಅದನ್ನೇ ಹೇಳಿ ಬರೆಸಿದರು. ಇಡೀ ಪ್ರವಾಸದಲ್ಲಿ ಮಕ್ಕಳ ತಲೆಯಲ್ಲಿ ಉಳಿದಿದ್ದು ಈ ಒಂದು ಪ್ರಶ್ನೆ. ನನ್ನ ತಲೆಯಲ್ಲೂ ಅದೇ ಉಳಿಯಿತು.

ಆಮೇಲೆ ಶಾಲೆಯಲ್ಲೇ ಅಣಕು ಕೋರ್ಟು ಮಾಡಿದೆವು. ಕೇಸು ಆರಿಸುವಾಗ ಜಾಸ್ತಿ ಯೋಚನೆ ಮಾಡಿದೆ. ಕೊಲೆ, ದರೋಡೆ ಕೊಟ್ಟರೆ ಮಕ್ಕಳು ನಾಟಕ ಆಡುತ್ತಾರೆ. ಅವರಿಗೆ ಗೊತ್ತಿರುವ ಕಳ್ಳತನ ಬೇಕಿತ್ತು. ಬೋರ್‌ವೆಲ್ ಕೇಬಲ್ ಕಳ್ಳತನ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ! ತಾಮ್ರದ ಆಸೆಗೆ ರಾತ್ರಿ ಕೇಬಲ್ ಕತ್ತರಿಸಿಕೊಂಡು ಹೋಗುತ್ತಾರೆ, ರೈತನ ಟೊಮೆಟೊ ಒಣಗುತ್ತದೆ. ಎರಡು ಪುಟದಲ್ಲಿ ಕೇಸು ಬರೆದೆ: ದೂರು, ಎಫ್‌ಐಆರ್, ಸ್ಥಳದ ಮಹಜರು, ಮೂರು ಸಾಕ್ಷಿಗಳ ಹೇಳಿಕೆ. ಕಳ್ಳತನಕ್ಕೆ ಹಿಂದೆ ಐಪಿಸಿ ಸೆಕ್ಷನ್ 379 ಇದ್ದಿದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303 ಆಗಿದೆ ಅಂತ ಹೇಳಿದ್ದು ಬಿಟ್ಟರೆ ಸೆಕ್ಷನ್‌ಗಳ ಗೋಜಿಗೆ ಹೋಗಲಿಲ್ಲ.

ಸರ್ಕಾರಿ ವಕೀಲರಾಗಲು ಒಂಬತ್ತು ಮಕ್ಕಳು ಕೈ ಎತ್ತಿದರು. ಆರೋಪಿಯ ವಕೀಲರಾಗಲು ಒಬ್ಬರೂ ಇಲ್ಲ. "ಕಳ್ಳನ ಪರ ನಾನ್ಯಾಕೆ ಮಾತಾಡ್ಲಿ ಮಿಸ್?" ಅಂತ ಒಬ್ಬಳು ನೇರವಾಗಿಯೇ ಕೇಳಿದಳು. ಅವನು ಕಳ್ಳ ಅಂತ ನಿನಗೆ ಯಾರು ಹೇಳಿದರು ಅಂತ ನಾನು ಕೇಳಿದೆ. ಅವಳು ನನ್ನ ಕೈಯಲ್ಲಿದ್ದ ಹಾಳೆ ತೋರಿಸಿದಳು. ಅದರಲ್ಲಿ ಇದ್ದಿದ್ದು ಪೊಲೀಸರು ಹೇಳಿದ್ದು ಮಾತ್ರ. ಅವತ್ತಿನ ಪಿರಿಯಡ್ ಪೂರ್ತಿ ಇದಕ್ಕೇ ಹೋಯಿತು, ಹೋಗಲಿ ಅಂತ ಬಿಟ್ಟೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿದೆ ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತವಾಗಿ ಕೇಳಬಹುದು. ಸಹಾಯವಾಣಿ 15100. ಈ ನಂಬರನ್ನು ಎಲ್ಲರ ಡೈರಿಯಲ್ಲೂ ಬರೆಸಿದೆ. ಕೊನೆಗೆ ಆರೋಪಿಯ ವಕೀಲೆಯಾಗಿದ್ದು ಅದೇ ಹುಡುಗಿ.

ಕೋರ್ಟು ನಡೆದ ದಿನ ಎರಡನೇ ಸಾಕ್ಷಿಯ ಹುಡುಗ ಮುಖ್ಯ ವಿಚಾರಣೆಯಲ್ಲಿ ಚೆನ್ನಾಗಿ ಹೇಳಿದ. ರಾತ್ರಿ ಹನ್ನೊಂದಕ್ಕೆ ಆರೋಪಿ ಮೂಟೆ ಹೊತ್ತುಕೊಂಡು ಹೋಗಿದ್ದನ್ನು ಕಂಡೆ ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜನ ನಂಬಲಿ ಅಂತ, ನನ್ನ ಹಾಳೆಯಲ್ಲಿ ಇಲ್ಲದ ಒಂದು ಮಾತು ಸೇರಿಸಿದ: "ನಾನು ಆಗ ಮೋಟರ್ ಹಾಕಿ ನೀರು ಕಟ್ಟುತ್ತಿದ್ದೆ."

ಪಾಟೀಸವಾಲಿಗೆ, ಅಂದರೆ ಸಾಕ್ಷಿಗೆ ಎದುರು ಪ್ರಶ್ನೆ ಹಾಕಲು, ಆರೋಪಿಯ ವಕೀಲೆ ಹುಡುಗಿ ಎದ್ದಳು. "ನಿಮ್ಮ ಹೊಲಕ್ಕೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ?"

"ಈಗ ಹಗಲು ಪಾಳಿ."

"ಹಂಗಾದ್ರೆ ರಾತ್ರಿ ಹನ್ನೊಂದಕ್ಕೆ ಯಾವ ಮೋಟರ್ ಓಡ್ತಿತ್ತು?"

ಕ್ಲಾಸು ಗೊಳ್ಳೆಂದು ನಕ್ಕಿತು. ಹುಡುಗನ ಮುಖ ಸಪ್ಪಗಾಯಿತು. ನಗಬೇಡಿ ಅಂತ ಹೇಳಿ ಅವನ ಪಕ್ಕದಲ್ಲಿ ಹೋಗಿ ನಿಂತೆ. ಅವನು ಸುಳ್ಳ ಅಲ್ಲ. ಕಂಡಿದ್ದಕ್ಕೆ ಕಾಣದ್ದನ್ನು ಸೇರಿಸಿದ, ನಿಜವನ್ನು ಇನ್ನಷ್ಟು ಗಟ್ಟಿ ಮಾಡೋಣ ಅಂತ. ಸೇರಿಸಿದ ಆ ಒಂದು ಮಾತಿನಿಂದ ಕಂಡ ನಿಜವನ್ನೂ ಯಾರೂ ನಂಬದ ಹಾಗಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥ ಕಡೆಗೇ ಅಲ್ವಾ?

ನ್ಯಾಯಾಧೀಶನಾಗಿದ್ದ ಹುಡುಗನಿಗೆ ನಾನು ಹಾಕಿದ್ದ ಷರತ್ತು ಒಂದೇ. ಕಾರಣ ಬರೆಯದೆ ತೀರ್ಪು ಕೊಡುವ ಹಾಗಿಲ್ಲ. ಅವನು ಮನೆಗೆ ಹೋಗಿ ಒಂದು ಪುಟ ಬರೆದುಕೊಂಡು ಬಂದ. "ಇವನು ಕದ್ದಿರಬಹುದು ಅಂತ ನನಗೆ ಅನಿಸುತ್ತದೆ. ಆದರೆ ಅನಿಸಿದ್ದಕ್ಕೆ ಜೈಲಿಗೆ ಕಳಿಸುವುದು ತಪ್ಪು. ಬಿಟ್ಟಿದ್ದೇನೆ." ಈ ಮೂರು ಸಾಲು ಓದುವಾಗ ನನಗೆ ಗಂಟಲು ಕಟ್ಟಿತು. ಸಂಶಯದ ಲಾಭ ಅನ್ನುವುದನ್ನು ನಾನು ಇಷ್ಟು ಸರಳವಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಕಂಬಾಲಪಲ್ಲಿಯ ಪ್ರಶ್ನೆಗೆ ಬಂದೆವು. ಕ್ಲಾಸಿನಲ್ಲಿ ಎಲ್ಲ ಜಾತಿಯ ಮಕ್ಕಳೂ ಇದ್ದರು. ಯಾರ ಕಡೆಗೂ ನೋಡದೆ, ಮಾತು ತಪ್ಪದ ಹಾಗೆ ಹೇಳಬೇಕಿತ್ತು. ಕೊಂದವರು ಇದ್ದರು, ಕೋರ್ಟಿನಲ್ಲಿ ರುಜುವಾತಾಗಲಿಲ್ಲ, ಈ ಎರಡೂ ಒಟ್ಟಿಗೆ ನಿಜ ಅಂದೆ. ನಮ್ಮ ಕೇಸಿನ ಸಾಕ್ಷಿ ಇಲ್ಲದ್ದನ್ನು ಸೇರಿಸಿದ. ಅಲ್ಲಿನ ಸಾಕ್ಷಿಗಳು ಮೊದಲು ಹೇಳಿದ್ದನ್ನು ಕಟಕಟೆಯಲ್ಲಿ ಹೇಳಲಿಲ್ಲ. "ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ಸಂಜೆ ಅದೇ ಊರಿಗೆ ವಾಪಸ್ ಹೋಗಬೇಕಲ್ವಾ ಮಿಸ್" ಅಂದ, ಪ್ರಶ್ನೆ ಕೇಳಿದ್ದ ಅದೇ ಹುಡುಗ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿದ್ದು 2018ರ ಡಿಸೆಂಬರಿನಲ್ಲಿ. ಭಯ ಇರುವ ಸಾಕ್ಷಿ ಈಗ ಜಿಲ್ಲೆಯಲ್ಲೇ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಕಂಬಾಲಪಲ್ಲಿಯವರಿಗೆ ಅದು ಇರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಶಾಲೆಯ ನಲ್ಲಿ ಮುರಿದಿತ್ತು. ಎಂಟನೇ ಕ್ಲಾಸಿನ ಒಬ್ಬನ ಮೇಲೆ ಎಲ್ಲರೂ ಬೊಟ್ಟು ಮಾಡುತ್ತಿದ್ದರು. ಸ್ಟಾಫ್ ರೂಮಿಗೆ ನಮ್ಮ ವಕೀಲೆ ಒಂದು ನೋಟ್‌ಬುಕ್ ಹಾಳೆ ತಂದುಕೊಟ್ಟಳು. ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಳು. ಎಡಕ್ಕೆ "ಕಂಡಿದ್ದು", ಬಲಕ್ಕೆ "ಕೇಳಿದ್ದು". ಬಲಗಡೆ ಹನ್ನೊಂದು ಹೆಸರಿದ್ದವು. ಎಡಗಡೆ ಖಾಲಿ.