ಟ್ರಾನ್ಸ್ ಮಹಿಳೆಯ ಮದುವೆ ನೋಂದಣಿ: ಕೌಂಟರಿಗೆ ಹೋಗುವ ಮೊದಲು

ಮದುವೆ ಹಾರ ಬಾಡುವ ಮೊದಲೇ ನೋಂದಣಿಗೆ ಓಡಿ, ಕಣ್ಣೀರು ಹಾಕಿಕೊಂಡು ವಾಪಸ್ ಬಂದ ಮೂರು ಜೋಡಿಗಳನ್ನು ನೋಡಿದ್ದೇನೆ. ಮೂರೂ ಜೋಡಿ ಎಡವಿದ್ದು ಕಾಗದಪತ್ರದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು ಗೊತ್ತಿರಲಿ. ತಮಿಳುನಾಡಿನ ತೂತ್ತುಕುಡಿಯ ದೇವಸ್ಥಾನದಲ್ಲಿ ಮದುವೆಯಾದ ಅರುಣ್‌ಕುಮಾರ್ ಮತ್ತು ಟ್ರಾನ್ಸ್ ಮಹಿಳೆ ಶ್ರೀಜಾ ಅವರಿಗೆ ನೋಂದಣಿ ಸಿಗಲಿಲ್ಲ. ಅವರು ಕೋರ್ಟಿಗೆ ಹೋದರು. ಹಿಂದೂ ವಿವಾಹ ಕಾಯ್ದೆಯ 'ವಧು' ಎಂಬ ಪದದಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆ ಎಂದು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ 2019ರಲ್ಲಿ ತೀರ್ಪು ಕೊಟ್ಟಿತು. ಟ್ರಾನ್ಸ್ ಮಹಿಳೆ ಗಂಡಸನ್ನು, ಟ್ರಾನ್ಸ್ ಪುರುಷ ಹೆಂಗಸನ್ನು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿತು. ಅದೇ ತೀರ್ಪಿನಲ್ಲಿ ಸಲಿಂಗ ಜೋಡಿಗಳಿಗೆ ಆ ಹಕ್ಕು ಸಿಗಲಿಲ್ಲ. ಅದು ನನಗೆ ಇವತ್ತಿಗೂ ನೋವು.

ವಯಸ್ಸು: ವಧುವಿಗೆ 18, ವರನಿಗೆ 21.

ಈಗ ಕಷ್ಟದ ಹಂತ, ಹೆಸರು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಮೊದಲು ಕೈಗೆ ಬರಲಿ. ಅದರ ಆಧಾರದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ತಿದ್ದಿಸಿ. ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಗುಮಾಸ್ತರು ಅಲ್ಲೇ ನಿಲ್ಲುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೇ ಹೆಸರೇ ಉಳಿದಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ. ಟೈಪಿಂಗ್ ಅಂಗಡಿಯ ರೆಡಿ ಅಫಿಡವಿಟ್ ಮಾತ್ರ ಬೇಡವೇ ಬೇಡ. ನಾನು ನೋಡಿದ ಒಂದರಲ್ಲಿ ವಧುವಿನ ಹೆಸರಿನ ಮುಂದೆ 'ಬಿನ್' ಎಂದು ಅಚ್ಚಾಗಿತ್ತು. ಮಗ ಅಂತ! ಆ ಹುಡುಗಿ ಆ ಎರಡಕ್ಷರದ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಕೂತಿದ್ದಳು. 'ಮಗಳು' ಎಂದು ಹೊಸದಾಗಿ ಟೈಪ್ ಮಾಡಿಸಿ. ಮೂಲ ಪ್ರಮಾಣಪತ್ರಗಳಿಗೆ ಲ್ಯಾಮಿನೇಷನ್ ಹಾಕಿಸಬೇಡಿ.

ಯಾವ ಕಾಯ್ದೆ? ಇಬ್ಬರೂ ಹಿಂದೂಗಳಾದರೆ ಹಿಂದೂ ವಿವಾಹ ಕಾಯ್ದೆಯನ್ನೇ ಹಿಡಿಯಿರಿ. ವಿಶೇಷ ವಿವಾಹ ಕಾಯ್ದೆಯಲ್ಲಿ ನಿಮ್ಮ ನೋಟಿಸ್ 30 ದಿನ ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಮನೆಯವರ ಭಯ ಇದ್ದವರಿಗೆ ಅದು ಜಾಸ್ತಿ ಅಪಾಯ. ಧರ್ಮ ಬೇರೆಯಾದರೆ ಅದೇ ದಾರಿ. ಮೂವರು ಸಾಕ್ಷಿಗಳು ಬೇಕು. ಗಟ್ಟಿ ಮನಸ್ಸಿನವರನ್ನೇ ಕರೆದುಕೊಂಡು ಹೋಗಿ.

'ಎರಡು ದಿನದಲ್ಲಿ ಮಾಡಿಸಿಕೊಡ್ತೀನಿ' ಎನ್ನುವ ಬ್ರೋಕರ್‌ಗೆ ಮೂಲ ದಾಖಲೆ ಕೊಡಬೇಡಿ.

ಕೌಂಟರಿನಲ್ಲಿ 'ಆಗಲ್ಲ' ಅಂದರೆ ಜಗಳ ಬೇಡ, ಸುಮ್ನೆ ಎದ್ದೂ ಬರಬೇಡಿ. 'ಕಾರಣ ಬರೆದುಕೊಡಿ ಸಾರ್' ಎಂದು ಕೇಳಿ. ಎರಡೂ ತೀರ್ಪುಗಳ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ನಾಳೆ ಹೈಕೋರ್ಟಿಗೆ ಹೋಗಬೇಕಾದರೆ ನಿಮ್ಮ ವಕೀಲರು ಮೊದಲು ಕೇಳುವುದು ಆ ಸೀಲಿನ ಕಾಗದವನ್ನೇ.