ಧಾರಾವಾಹಿಯನ್ನು ಮ್ಯೂಟ್ ಮಾಡಿ ನೋಡಿದ ತರಗತಿ

ಪದವಿ ಮೊದಲ ಸೆಮಿಸ್ಟರ್ ಮಕ್ಕಳಿಗೆ ಜನಪ್ರಿಯ ಸಂಸ್ಕೃತಿಯ ಪಾಠ ಮಾಡಿದ ಮೊದಲ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. ಆಗ ಚೆನ್ನಾಗಿ ಓಡುತ್ತಿದ್ದ ಒಂದು ಸಿನಿಮಾ ತೆಗೆದುಕೊಂಡು, ಅದರಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆ, ಹೊಡೆದಾಟವನ್ನು ಹೇಗೆ ಮೆರೆಸಿದ್ದಾರೆ ಅಂತ ಒಂದು ಗಂಟೆ ಒಬ್ಬಳೇ ಮಾತಾಡಿದೆ. ಎಲ್ಲರೂ ಬರೆದುಕೊಂಡರು. ಪರೀಕ್ಷೆಯಲ್ಲಿ ನನ್ನ ಮಾತನ್ನೇ ನನಗೆ ಒಪ್ಪಿಸಿದರು. ಅದೇ ಹುಡುಗರು ಕ್ಯಾಂಟೀನಿನಲ್ಲಿ ಆ ಸಿನಿಮಾದ ಡೈಲಾಗ್ ಹೊಡೆಯುತ್ತಾ ಕೂತಿದ್ದರು, ನಾನು ಒಳಗೆ ಬಂದ ಕೂಡಲೇ ಗಪ್‌ಚಿಪ್. ಮನಸ್ಸಿಗೆ ತುಂಬಾ ಬೇಜಾರಾಯಿತು. ಇಷ್ಟಪಟ್ಟದ್ದನ್ನು ಮೇಡಂ ಮುಂದೆ ಬಚ್ಚಿಡಬೇಕು ಅನ್ನೋದನ್ನಷ್ಟೇ ನಾನು ಕಲಿಸಿದ್ದೆ.

ಮುಂದಿನ ವರ್ಷ ಸಿನಿಮಾ ಬಿಟ್ಟು ಧಾರಾವಾಹಿ ಹಿಡಿದೆ. ಸಂಜೆ ಮನೆಮನೆಯಲ್ಲೂ ಓಡುವುದು ಅದೇ ಅಲ್ವಾ? ಹತ್ತು ನಿಮಿಷದ ಒಂದು ತುಣುಕು ಹಾಕಿ ದನಿ ಪೂರ್ತಿ ಮ್ಯೂಟ್ ಮಾಡಿದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಯಾರೂ ಹೇಳುವಂತಿಲ್ಲ. ಸುಮ್ನೆ ಎಣಿಸಬೇಕು: ಯಾರ ಮುಖ ಎಷ್ಟು ಸಲ ಬಂತು, ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಬಾಗಿಲ ಹತ್ತಿರ ಯಾರಿದ್ದಾರೆ.

ಅದರಲ್ಲಿ ಸೊಸೆಯ ಕೈಯಿಂದ ಒಂದು ಸ್ಟೀಲ್ ಲೋಟ ಬೀಳುತ್ತದೆ. ಕ್ಯಾಮೆರಾ ಏಳು ಜನರ ಮುಖಕ್ಕೆ ಹೋಗುತ್ತದೆ, ಒಂದೊಂದಕ್ಕೂ ಮೂರು ಸಲ. ಒಬ್ಬ ಹುಡುಗ ಮೊಬೈಲ್‌ನಲ್ಲಿ ಸಮಯ ಹಿಡಿದಿದ್ದ. ಲೋಟ ಬಿದ್ದ ಮೇಲೆ ಯಾರಾದರೂ ಬಾಯಿ ಬಿಡೋಕೆ 48 ಸೆಕೆಂಡ್! "ಎಳೀತಾರೆ ಮೇಡಂ" ಅಂತ ಎಲ್ಲರೂ ನಕ್ಕರು. ಯಾಕೆ ಎಳೀತಾರೆ ಅಂತ ಕೇಳಿದೆ. ಅಲ್ಲಿಂದ ಪಾಠ ತಾನಾಗೇ ನಡೆಯಿತು. ದಿನಾ ಒಂದು ಕಂತು ಕೊಡಬೇಕು, ಒಂದೇ ಮನೆಯ ಸೆಟ್ಟು, ಗುರುವಾರ ಬಂದರೆ ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಲೆಕ್ಕ. ನಡುವೆ ಜಾಹೀರಾತು. ಗಂಟೆಗೆ 12 ನಿಮಿಷ ದಾಟಬಾರದು ಅನ್ನುವ ನಿಯಮ ಇದೆ ಅಂದಾಗ, ಬ್ರೇಕ್‌ನಲ್ಲಿ ಏನೇನು ಮಾರುತ್ತಾರೆ ಅಂತ ಅವರೇ ಪಟ್ಟಿ ಮಾಡಿಕೊಂಡು ಬಂದರು. ಬಟ್ಟೆ ಸೋಪು, ಸಾಂಬಾರ್ ಪುಡಿ, ಒಡವೆ. ಆ ಹೊತ್ತಿನಲ್ಲಿ ಟಿವಿ ಮುಂದೆ ಯಾರು ಕೂತಿರುತ್ತಾರೆ ಅಂತ ಚಾನೆಲ್‌ನವರು ಲೆಕ್ಕ ಹಾಕಿದ್ದಾರೆ ಅನ್ನೋದು ನಾನು ಹೇಳದೆಯೇ ಹೊಳೆಯಿತು.

ಆಮೇಲೆ ಮನೆಗೆಲಸ. ಮನೆಯಲ್ಲಿ ಯಾರು ಧಾರಾವಾಹಿ ನೋಡುತ್ತಾರೋ ಅವರ ಪಕ್ಕ ಕೂತು ನೋಡಿ, ಅವರು ಆಡಿದ ಮಾತನ್ನು ಹಾಗೇ ಬರೆದುಕೊಂಡು ಬನ್ನಿ, ತಿದ್ದಬೇಡಿ ಅಂದೆ. ಒಬ್ಬ ಹುಡುಗಿ ನಮ್ಮ ತುಣುಕನ್ನೇ ನೋಡಿದ ಅಜ್ಜಿಯ ಮಾತು ತಂದಳು. ಅತ್ತೆ ಬೈಯುತ್ತಾಳೆ, ಸೊಸೆ ಅಳುತ್ತಾಳೆ. ಅಜ್ಜಿಗೆ ಸೊಸೆಯ ಮೇಲೆ ಕನಿಕರವೇ ಬಂದಿಲ್ಲ. "ಅಳು ಇರ್ಲಿ ಬಿಡು, ಬೀಗದ ಕೈ ಯಾರ ಸೊಂಟದಲ್ಲಿದೆ ನೋಡು" ಅಂದಿದ್ದಾರೆ.

ನಾವು ಮತ್ತೆ ಅದೇ ತುಣುಕು ಹಾಕಿದೆವು. ಇತ್ತು! ಅತ್ತೆಯ ಸೊಂಟದಲ್ಲಿ ಗೊಂಚಲು. ನಲವತ್ತು ಜನ ಎಣಿಸಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ.

ಆವತ್ತೇ ಸ್ಟುವರ್ಟ್ ಹಾಲ್ ಹೆಸರು ಹೇಳಿದ್ದು. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು 1973ರಲ್ಲಿ ಟಿವಿ ಬಗ್ಗೆ ಬರೆದವರು. ಕಾರ್ಯಕ್ರಮ ಮಾಡಿದವರು ಒಂದು ಅರ್ಥ ಇಟ್ಟು ಕಳಿಸುತ್ತಾರೆ, ನೋಡುವವರು ಅದನ್ನು ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ತಮ್ಮ ಅನುಭವಕ್ಕೆ ಹೊಂದಿಸಿಕೊಳ್ಳಬಹುದು, ಪೂರ್ತಿ ಎದುರು ನಿಂತೂ ಓದಬಹುದು ಅಂತ ಅವರ ವಾದ. ಇದನ್ನು ಮೊದಲ ದಿನವೇ ಬೋರ್ಡ್ ಮೇಲೆ ಬರೆದಿದ್ದರೆ ಬಾಯಿಪಾಠ ಮಾಡುತ್ತಿದ್ದರು ಅಷ್ಟೇ. ಈಗ ಅಜ್ಜಿಯ ಓದು ಈ ಮೂರರಲ್ಲಿ ಯಾವುದು ಅಂತ ಜಗಳಕ್ಕೇ ಬಿದ್ದರು. ಬೆಲ್ ಹೊಡೆದರೂ ಏಳಲಿಲ್ಲ.

ಈಗ ಅಸೈನ್‌ಮೆಂಟ್‌ನ ಮೊದಲ ಪುಟದಲ್ಲಿ ಕಂಡದ್ದು ಮಾತ್ರ ಇರಬೇಕು ಅಂತ ನಿಯಮ ಮಾಡಿದ್ದೇನೆ. ಎರಡನೇ ಪುಟ, ಜೊತೆಗೆ ನೋಡಿದವರ ಮಾತು. ತಮ್ಮ ಅಭಿಪ್ರಾಯ ಮೂರನೇ ಪುಟದಿಂದ.

ಆ ಹುಡುಗಿಯ ಮೂರನೇ ಪುಟದಲ್ಲಿ ಅಭಿಪ್ರಾಯಕ್ಕಿಂತ ಜಾಸ್ತಿ ಅಜ್ಜಿಯೇ ಇದ್ದರು. ನಿನ್ನ ಕೈಗೆ ಬೀಗದ ಕೈ ಯಾವಾಗ ಬಂತಜ್ಜಿ ಅಂತ ಇವಳು ಕೇಳಿದ್ದಾಳೆ. ಮದುವೆಯಾಗಿ 19 ವರ್ಷಕ್ಕೆ, ಅತ್ತೆ ಹಾಸಿಗೆ ಹಿಡಿದ ಮೇಲೆ, ಅಂದರಂತೆ.